ಬೇರೆ ಇಟ್ಟ ಸೀಸೆ

ಬ್ರೆಕ್ಕೆ, ಹಾರ್ಡಂಗರ್
೨೮ ಅಕ್ಟೋಬರ್ ೨೦೧೨, ಭಾನುವಾರ

ಪ್ರೀತಿಯ ಮಗಳು ಸುನ್ನಿವಾಗೆ, ಸೋದರಮಾವ ಓಡ್ಮುಂಡ್ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಕೈಸೇರಿ ಮೂರು ವಾರ ದಾಟಿತು. ಕುರಿಗಳನ್ನು ಬೆಟ್ಟದಿಂದ ಇಳಿಸಬೇಕಿತ್ತು, ಆಲೂಗಡ್ಡೆ ಅಗೆಯಬೇಕಿತ್ತು, ಬಲಮೊಣಕಾಲು ಹಿಡಿದುಕೊಂಡಿತ್ತು ಎಂದೆಲ್ಲ ಬರೆಯಬಹುದು. ಅವೆಲ್ಲ ನಿಜವೇ. ಆದರೆ ಆಲೂಗಡ್ಡೆ ಎರಡು ದಿನದಲ್ಲಿ ಮುಗಿಯಿತು. ಉಳಿದ ದಿನವೆಲ್ಲ ನಿನ್ನ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡು ಅದರ ಸುತ್ತ ಓಡಾಡುತ್ತಿದ್ದೆ. ಕ್ಷಮಿಸು. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನು ಹಿಡಿದರೆ ನಾನು ಅಲ್ಲಿ ಹವೆ ಹೇಗಿದೆ ಎಂದು ಕೇಳಿ ಇಟ್ಟುಬಿಡುವ ಆಸಾಮಿ. ಏಳೇ ವರ್ಷ ಶಾಲೆ ಕಂಡವನಾದರೂ ಬರೆಯಲು ಕೂತರೆ ಒಂದಷ್ಟು ಮಾತು ಹೊರಡುತ್ತದೆ.

ನೀನು ಬರೆದದ್ದನ್ನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ನಿನ್ನ ಅಮ್ಮ, ನನ್ನ ತಂಗಿ ಇಂಗೆರಿ, ಬರ್ಗೆನ್ನಿನ ಆ ವೃದ್ಧರ ಮನೆಯಲ್ಲಿ ಕೈಗೆ ಸಿಕ್ಕ ಸೀಸೆಯನ್ನೆಲ್ಲ ತೊಳೆಯುತ್ತಾಳೆ. ಹಣ್ಣಿನ ರಸದ್ದು, ಔಷಧಿಯದು, ಪಕ್ಕದ ಕೋಣೆಯವರ ಹೂದಾನಿ ಕೂಡ. ಬೆರಳ ಸಂದು ಒಡೆದು ರಕ್ತ ಬಂದರೂ ಬಿಡುವುದಿಲ್ಲ. ತೊಳೆದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಎದುರಿಗೆ ಯಾರಿದ್ದರೂ, "ಅದನ್ನ ನಾನು ಬೇರೆ ಇಟ್ಟಿದ್ನಾ?" ಎಂದು ಕೇಳುತ್ತಾಳೆ. ದಾದಿಯರು "ಹೂಂ, ಇಟ್ಟಿದ್ರಿ" ಎಂದರೆ, "ನೀನು ಅಲ್ಲಿದ್ಯಾ?" ಎನ್ನುತ್ತಾಳೆ. ಅವರು ಸುಮ್ಮನಾದರೆ ಮತ್ತೆ ಮೊದಲಿನಿಂದ ತೊಳೆಯಲು ಶುರು. ಬೆಳಗಿನ ಒಂದು ಗಂಟೆ ಮಾತ್ರ ತಲೆ ತಿಳಿಯಾಗಿರುತ್ತದೆ, ಈಸ್ಟರ್ ಹೊತ್ತಿಗೆ ಅದೂ ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕೊನೆಯಲ್ಲಿ ನೀನು ಬರೆದಿದ್ದೀಯೆ: "ಮಾವ, ಆಗ ಅಲ್ಲಿದ್ದವರಲ್ಲಿ ಈಗ ಉಳಿದಿರೋದು ನೀವೊಬ್ಬರೇ. ಅಮ್ಮ ಏನನ್ನ ಕೇಳ್ತಿದಾಳೆ? ಅವಳು ಅದನ್ನ ಬೇರೆ ಇಟ್ಟಿದ್ಲಾ? ತಿಳಿವು ಇರುವಾಗಲೇ ಅವಳಿಗೊಂದು ಉತ್ತರ ಸಿಗಬೇಕು."

ಅವಳು ಕೇಳುತ್ತಿರುವುದು ಒಂದು ಬಿಯರ್ ಸೀಸೆಯ ವಿಷಯ, ಮಗಳೇ. ಕ್ರಿಸ್ಮಸ್ ಬಿಯರಿಗೆ ಸೀಸೆ ತೊಳೆಯುವ ಕೆಲಸ ಏಳನೆಯ ವಯಸ್ಸಿನಿಂದ ಅವಳದೇ ಆಗಿತ್ತು. ಮನೆಯಲ್ಲಿ ಅವಳಷ್ಟು ಚುರುಕು ಕಣ್ಣು ಯಾರಿಗೂ ಇರಲಿಲ್ಲ.

ನಿನ್ನ ಅಜ್ಜ ಹೊಸ ಸೀಸೆ ಕೊಂಡವರಲ್ಲ. ಹಡಗುಕಟ್ಟೆಯಲ್ಲಿ ಯಾರೋ ಬಿಟ್ಟದ್ದು, ಪಾದ್ರಿಯವರ ಮನೆಯಿಂದ ಬಂದದ್ದು, ಮದುವೆ ಮನೆಗಳಲ್ಲಿ ಉಳಿದದ್ದು. ಎಲ್ಲ ದಪ್ಪ ಗಾಜಿನವು, ಪಿಂಗಾಣಿ ಮುಚ್ಚಳ, ತಂತಿಯ ಕೊಂಡಿ. ಯಾರ ಯಾರ ಬಾಯಿ ತಾಗಿತ್ತೋ, ಒಳಗೆ ಏನೇನು ಒಣಗಿತ್ತೋ. ಅದಕ್ಕೇ ತೊಳೆಯುವುದು ಒಂದು ಕೆಲಸ, ಶುದ್ಧ ಮಾಡುವುದು ಇನ್ನೊಂದು ಎಂದು ಅಪ್ಪ ಹೇಳುತ್ತಿದ್ದರು. "ಕೊಳೆ ಮೇಲೆ ಕುದಿನೀರು ಹುಯ್ದರೆ ಕೊಳೆ ಬೇಯತ್ತೆ ಅಷ್ಟೇ, ಹೋಗಲ್ಲ." ಮೊದಲು ರಬ್ಬರ್ ಬಳೆ ಕಳಚಿ ಬೇರೆ ಕುದಿಸಬೇಕು. ಸೀಸೆಗಳನ್ನು ಬರ್ಚ್ ಮರದ ಬೂದಿಯ ತಿಳಿನೀರಲ್ಲಿ ಒಂದು ದಿನ ನೆನೆಹಾಕಬೇಕು. ಆಮೇಲೆ ಮೊಟ್ಟೆಯ ಓಡು ಪುಡಿಮಾಡಿ ಒಳಗೆ ಹಾಕಿ, ಒಂದು ಬೊಗಸೆ ನೀರು ಬಿಟ್ಟು ಗಿರಗಿರನೆ ಕುಲುಕಬೇಕು. ಕುಂಚ ತಲುಪದ ಭುಜದ ಒಳಗನ್ನು ಅದು ಉಜ್ಜಿ ತೆಗೆಯುತ್ತದೆ. ತೊರೆಯ ನೀರಲ್ಲಿ ಮೂರು ಸಲ ಜಾಲಿಸಿ ಬೆಳಕಿಗೆ ಹಿಡಿಯಬೇಕು. ಇಷ್ಟಾದರೆ ತೊಳೆದದ್ದಾಯಿತು. ಶುದ್ಧಿಗೆ ಬೆಟ್ಟದ ಜೂನಿಪರ್ ಪೊದೆಯ ಸೊಪ್ಪು. ಹಂಡೆಯಲ್ಲಿ ಸೊಪ್ಪು ತುಂಬಿ ನೀರು ಹಳದಿಯಾಗುವ ತನಕ ಕುದಿಸಿ, ಆ ಕಷಾಯವನ್ನು ಸೀಸೆಗೆ ಮೊದಲು ಉಗುರುಬೆಚ್ಚಗೆ, ಆಮೇಲೆ ಸುಡುಸುಡು ಹುಯ್ಯಬೇಕು. ಒಮ್ಮೆಲೇ ಹುಯ್ದರೆ ಗಾಜು ಸೀಳುತ್ತದೆ. ಬಗ್ಗಿಸಿ, ಬಾಯಿ ಕೆಳಗೆ ಮಾಡಿ ಸೊಪ್ಪಿನ ಹಾಸಿನ ಮೇಲೆ ನಿಲ್ಲಿಸಬೇಕು. ಆಮೇಲೆ ಬಟ್ಟೆ ಮುಟ್ಟಿಸಕೂಡದು, ಊದಕೂಡದು.

ಅಪ್ಪ ಹೋದ ಮೇಲೆ ನಾನು ಬಿಯರನ್ನು ಸೀಸೆಗೆ ಹಾಕಿದ್ದೇ ಇಲ್ಲ, ಪೀಪಾಯಿಯಲ್ಲೇ ಇಡುತ್ತೇನೆ. ಈ ವರ್ಷ ಮಾತ್ರ ನಿನ್ನ ಕಾಗದ ಓದಿದ ಮೇಲೆ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೆ. ಇಂಗೆರಿಗೆ ಮನೆಯ ಒಂದು ಸೀಸೆ ಕಳಿಸೋಣ ಅನ್ನಿಸಿತು. ತೊರೆಯಾಚೆಯ ಮಾಲ್ಫ್ರಿಯಕ್ಕ ನಿನಗೆ ನೆನಪಿರಬೇಕು, ಅವಳಿಗೀಗ ಎಂಬತ್ತೊಂದು. ಪೆಟ್ಟಿಗೆ ನೋಡಿ, "ಏನೋ ಮಾರಾಯ, ಇಷ್ಟು ವರ್ಷ ಆದ್ಮೇಲೆ ಸೀಸೆ ಮೇಲೆ ಪ್ರೀತಿ ಬಂತಾ? ಇದರೊಳಗೆ ಜೇಡರ ಮೊಮ್ಮಕ್ಕಳಿದಾವೆ" ಎಂದಳು. ಅಂಗಡಿಯಲ್ಲಿ ಈಗ ಪುಡಿ ಸಿಗುತ್ತದಂತೆ, ನೀರಿಗೆ ಕಲಸಿ ಎರಡು ನಿಮಿಷ ಅದ್ದಿದರೆ ಎಲ್ಲ ಶುದ್ಧವಂತೆ. ನನಗೆ ಬೇಡವೆಂದೆ.

ಪೆಟ್ಟಿಗೆ ಹೊತ್ತು ಅಂಗಳ ದಾಟುವಾಗ ಸೀಸೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಬಿಯರ್ ಬೇಯಿಸುವ ಒಲೆಮನೆಯೊಳಗಿಂದ ಯಾರೋ ಎಣಿಸಿದ ಹಾಗಾಯಿತು. ಹುಡುಗಿಯ ಧ್ವನಿ, ಹನ್ನೊಂದು, ಹನ್ನೆರಡು. ಪೆಟ್ಟಿಗೆ ಕೆಳಗಿಟ್ಟು ಬಾಗಿಲು ತೆಗೆದು ನೋಡಿದೆ. ಹಂಡೆ ಇತ್ತು, ಸೌದೆ ಇತ್ತು. ಅಷ್ಟೇ.

ಅಮ್ಮನ ಕೈಗೆ ಕುರಿಯ ಕೊಬ್ಬು ಹಚ್ಚು, ಅಂಗಡಿಯ ಕ್ರೀಮಿಗಿಂತ ಮೇಲು. ಒಂದು ಡಬ್ಬಿ ಇದರ ಜೊತೆ ಕಳಿಸಿದ್ದೇನೆ. ನಿನ್ನ ಆರೋಗ್ಯ ನೋಡಿಕೋ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಮಾವ,
ಓಡ್ಮುಂಡ್

ಮರೆತ ಮಾತು: ಅವಳು ಮತ್ತೆ ಕೇಳಿದರೆ, ಹೌದು, ಬೇರೆ ಇಟ್ಟಿದ್ದೆ ಎಂದು ಹೇಳು. ನಾನು ಹೇಳಿದೆ ಎಂದು ಮಾತ್ರ ಹೇಳಬೇಡ.


ಬ್ರೆಕ್ಕೆ
೨೫ ನವೆಂಬರ್ ೨೦೧೨, ಭಾನುವಾರ

ಮಗಳೇ ಸುನ್ನಿವಾ,

ಈ ಸಲ ಒಂದೇ ವಾರದಲ್ಲಿ ಬರೆಯುತ್ತಿದ್ದೇನೆ, ನೋಡು. ನೀನು ಸಿಟ್ಟಿನಲ್ಲಿ ಬರೆದಿದ್ದೀಯೆ. ಬರೆಯಬೇಕಾದ್ದೇ. ಬೆಳಗಿನ ಹೊತ್ತು ನೋಡಿ ಅಮ್ಮನ ಪಕ್ಕ ಕೂತು, "ಹೌದಮ್ಮ, ನೀನು ಅದನ್ನ ಬೇರೆ ಇಟ್ಟಿದ್ದೆ" ಎಂದೆಯಂತೆ. ಅವಳು ನಿನ್ನ ಮುಖ ನೋಡಿ, "ನೀನಾಗ ಹುಟ್ಟೇ ಇರ್ಲಿಲ್ಲ. ನನ್ನ ಸಮಾಧಾನ ಮಾಡಕ್ಕೆ ಎಲ್ರೂ ಸುಳ್ಳು ಹೇಳ್ತೀರಾ" ಎಂದು ಗೋಡೆಯ ಕಡೆ ತಿರುಗಿದಳಂತೆ. ಕೊನೆಗೆ ನನಗೆ ಚುಚ್ಚಿದ್ದೀಯೆ: "ಸೀಸೆ ತೊಳೆಯೋ ವಿದ್ಯೆ ನಂಗೆ ಬೇಡ ಮಾವ. ನಡೆದದ್ದು ಹೇಳಿ."

ಹೇಳುತ್ತೇನೆ. ೧೯೫೧ನೇ ಇಸವಿ. ನನಗೆ ಹದಿನಾರು, ಅವಳಿಗೆ ಹನ್ನೆರಡು. ಕ್ರಿಸ್ಮಸ್ಸಿಗೆ ನಾಲ್ಕು ದಿನ ಮುಂಚಿನ ತೋಮಸನ ದಿನಕ್ಕೆ ಬಿಯರ್ ಸಿದ್ಧವಾಗಿರಬೇಕು, ಅಕ್ಕಪಕ್ಕದ ಗಂಡಸರು ಬಂದು ರುಚಿ ನೋಡಬೇಕು. ಆ ವರ್ಷ ಪೀಪಾಯಿ ತುಂಬಿಯೂ ಬಿಯರ್ ಉಳಿಯಿತು. "ನಲವತ್ತು ಸೀಸೆಗೆ ಆಗತ್ತೆ, ಹೊಸ ವರ್ಷದ ನೆಂಟರಿಗಾಯ್ತು" ಎಂದರು ಅಪ್ಪ. ಡಿಸೆಂಬರ್ ಎಂಟು, ಶನಿವಾರ. ಇಂಗೆರಿ ಒಲೆಮನೆಯಲ್ಲಿ ತೊಳೆದಳು. ನಾನು ಲಾಳಿಕೆ ಇಟ್ಟು ತುಂಬಿ, ಕೊಂಡಿ ಹಾಕಿ, ನೆಲಮಾಳಿಗೆಗೆ ಸಾಗಿಸಿದೆ.

ಇಪ್ಪತ್ತಮೂರನೆಯ ತಾರೀಕು ಬೆಳಿಗ್ಗೆ ಅಮ್ಮ, ಅಂದರೆ ನಿನ್ನ ಅಜ್ಜಿ, ನೋಡೋಣವೆಂದು ಒಂದು ಸೀಸೆ ಮೇಲೆ ತಂದು ಅಡಿಗೆಮನೆಯಲ್ಲಿ ಒಲೆಯ ಪಕ್ಕ ಇಟ್ಟಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಅದನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಲ್ಲಿ ಒರೆಸಿ, ಬಣ್ಣ ಹೇಗೆ ಬಂದಿದೆ ನೋಡಲು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಒಡೆಯಿತು. ಬಂದೂಕಿನಂಥ ಸದ್ದೇನಲ್ಲ, ಒಣ ಹಲಗೆ ಮುರಿದ ಹಾಗೆ. ಅಮ್ಮ ಕೂಗಲಿಲ್ಲ. ಎರಡೂ ಕೈ ಮುಖಕ್ಕೆ ಇಟ್ಟುಕೊಂಡು, "ಮಕ್ಕಳೇ, ಬರಿಗಾಲಲ್ಲಿ ಬರಬೇಡಿ, ಗಾಜಿದೆ" ಎಂದಳು. ಬೆರಳ ಸಂದಿಯಿಂದ ರಕ್ತವೂ ಬಿಯರೂ ಒಟ್ಟಿಗೆ ಇಳಿಯುತ್ತಿತ್ತು.

ದೋಣಿಯಲ್ಲಿ ಎರಡು ಗಂಟೆಯ ದಾರಿ ಡಾಕ್ಟರಿಗೆ. ಬಲಗಣ್ಣು ತೆಗೆಯಬೇಕಾಯಿತು.

ಅಪ್ಪ ಮಾರನೆಯ ದಿನ ಮಧ್ಯಾಹ್ನ ಒಬ್ಬರೇ ಹಿಂತಿರುಗಿದರು. ಚೂರುಗಳನ್ನು ನಾವು ಗುಡಿಸಿ ಮೂಲೆಗೆ ಒತ್ತಿದ್ದೆವು. ಅದರಿಂದ ಸೀಸೆಯ ತಳ ಆಯ್ದು ತೆಗೆದರು. ಒಳಗೆ ಸುತ್ತಲೂ ಹಳೆಯ ಗಸಿಯ ಒಂದು ಉಂಗುರ, ಹಾಲಿನ ಕೆನೆ ಒಣಗಿದ ಹಾಗೆ. ಅಂಥ ಗಸಿಯಲ್ಲಿ ಕಣ್ಣಿಗೆ ಕಾಣದ ಜೀವ ಕೂತಿರುತ್ತದೆ. ಬಿಯರ್ ಹುದುಗಲೆಂದು ನಾವು ಹಾಕಿದ ಹೆಪ್ಪು ತಿಂದು ಬಿಟ್ಟದ್ದನ್ನೂ ಅದು ತಿನ್ನುತ್ತ ಉಬ್ಬುತ್ತ ಹೋಗುತ್ತದೆ. ತಣ್ಣಗೆ ನೆಲಮಾಳಿಗೆಯಲ್ಲಿದ್ದರೆ ತಡೆದುಕೊಂಡೀತು, ಒಲೆಯ ಬಿಸಿ ತಾಗಿದರೆ ಗಾಜು ತಡೆಯದು.

"ಇದನ್ನ ತೊಳೆದೋರು ಯಾರು?" ಎಂದರು ಅಪ್ಪ.

"ನಾನೇ. ಆದ್ರೆ ಅದನ್ನ ಬೇರೆ ಇಟ್ಟಿದ್ದೆ ಅಪ್ಪ" ಎಂದಳು ಇಂಗೆರಿ. "ಎಷ್ಟು ಕುಲುಕಿದ್ರೂ ಹೋಗ್ಲಿಲ್ಲ. ಅದಕ್ಕೇ ಬೇರೆ ಇಟ್ಟೆ."

"ಬೇರೆ ಇಟ್ಟಿದ್ದು ಕಾಲು ಮೂಡಿ ವಾಪಸ್ ಬಂತಾ?"

ಅವಳು ಬೇರೆ ಇಟ್ಟದ್ದನ್ನು ಯಾರೂ ನೋಡಿರಲಿಲ್ಲ. ಮಾತು ಅಲ್ಲಿಗೆ ನಿಂತಿತು.

ಅಪ್ಪ ಹೊಡೆಯುವ ಮನುಷ್ಯರಲ್ಲ. ಹೊಡೆದಿದ್ದರೆ ವಾಸಿಯಿತ್ತೇನೋ. ಮುಂದಿನ ವರ್ಷ ಸೀಸೆಗಳನ್ನು ತಾವೇ ತೊಳೆದರು. ಇಂಗೆರಿ ಒಲೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಹೊಸ್ತಿಲು ದಾಟಲಿಲ್ಲ. ಅಮ್ಮನೂ ಬೈದವಳಲ್ಲ. ನೇಯುವವಳಿಗೆ ಒಂದು ಕಣ್ಣು ಹೋದರೆ ಏನಾಗುತ್ತದೆಂದು ನಿನಗೆ ಗೊತ್ತಿಲ್ಲ. ಸೂಜಿಗೆ ದಾರ ಪೋಣಿಸಲು ದಿನಕ್ಕೆ ಹತ್ತು ಸಲ, "ಇಂಗೆರೀ, ಬಾ ಇಲ್ಲಿ" ಎಂದು ಕರೆಯುತ್ತಿದ್ದಳು. ಇವಳು ಓಡಿ ಹೋಗುತ್ತಿದ್ದಳು. ಪೋಣಿಸುವಾಗ ಅಮ್ಮನ ಮುಖ ನೋಡುತ್ತಿರಲಿಲ್ಲ.

ಅಮ್ಮನ ಕಣ್ಣು ಹೋದ ಆ ಚಳಿಗಾಲದಲ್ಲೇ, ಫೆಬ್ರವರಿಯ ಒಂದು ದಿನ ಕೊಟ್ಟಿಗೆಯಲ್ಲಿ ನನ್ನ ಹತ್ತಿರ ಬಂದು ಕೇಳಿದಳು. "ಅಣ್ಣ, ನಾನು ಅದನ್ನ ಬೇರೆ ಇಟ್ಟಿದ್ದು ಹೌದಾ? ಕಿಟಕಿ ಹತ್ರ ಇಟ್ಟ ಹಾಗೆ ನೆನಪು. ಕನಸಲ್ಲಿ ಇಟ್ಟೆನೋ ಏನೋ."

"ಹಾಲು ಆರತ್ತೆ, ನಡಿ" ಎಂದೆ.

ಅಲ್ಲಿಯ ದಾದಿಯರನ್ನು ಅವಳು ಕೇಳುತ್ತಿರುವ ಪ್ರಶ್ನೆ ಆ ದಿನ ಹುಟ್ಟಿದ್ದು, ಮಗಳೇ. ಹದಿನಾರು ತುಂಬುತ್ತಲೇ ಬರ್ಗೆನ್ನಿಗೆ ಹೋಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಆಮೇಲೆ ಈ ಮನೆಗೆ ಬಂದದ್ದು ಎರಡೇ ಸಲ, ಎರಡೂ ಸಲ ಶವಪೆಟ್ಟಿಗೆಯ ಹಿಂದೆ.

ಈಚೆಗೆ ನಾನು ಅಡಿಗೆಮನೆಯ ಕಿಟಕಿಗೆ ಬೆನ್ನು ಹಾಕಿ ಊಟ ಮಾಡುತ್ತೇನೆ. ಅಲ್ಲಿ ಯಾರೋ ಕೈ ಎತ್ತಿ ನಿಂತ ಹಾಗೆ ಬೆಳಕು ಒಂದು ಗಳಿಗೆ ಮರೆಯಾಗುತ್ತದೆ. ಮೋಡವಿರಬಹುದು.

ನಿನಗೂ ಅಮ್ಮನಿಗೂ ಒಳ್ಳೆಯದಾಗಲಿ.

ನಿನ್ನ ಮಾವ,
ಓಡ್ಮುಂಡ್

ಮರೆತ ಮಾತು: ನಿನ್ನ ಅಜ್ಜಿ ಸಾಯುವ ವಾರ ನನ್ನ ಕೈ ಹಿಡಿದುಕೊಂಡು, "ಆ ದಿನ ನೀರು ತಣ್ಣಗಿತ್ತೇನೋ, ತಪ್ಪು ಅವಳದಲ್ಲ ಅಂತ ಇಂಗೆರಿಗೆ ಹೇಳು. ಹನ್ನೆರಡು ವರ್ಷದ ಕೂಸು ಅದು" ಎಂದಿದ್ದಳು. ನಾನು ಹೇಳಲಿಲ್ಲ. ಯಾಕೆ ಎಂದು ಬರೆಯಲು ಈ ಹಾಳೆಯಲ್ಲಿ ಜಾಗ ಉಳಿದಿಲ್ಲ.


ಬ್ರೆಕ್ಕೆ
೧೬ ಡಿಸೆಂಬರ್ ೨೦೧೨, ಭಾನುವಾರ

ಪ್ರೀತಿಯ ಸುನ್ನಿವಾ,

ನಿನ್ನಿಂದ ಕಾಗದವಿಲ್ಲ. ಕಳೆದದ್ದಕ್ಕೆ ನಾನು ಉತ್ತರ ಕೊಟ್ಟೆನೆಂದು ನಿನಗೆ ಅನ್ನಿಸಿರಲಿಕ್ಕಿಲ್ಲ. ನನಗೂ ಅನ್ನಿಸಿಲ್ಲ.

ಹಿಮ ಮೊಣಕಾಲಷ್ಟು ಬಿದ್ದಿದೆ. ಹಿಂದಿನ ವಾರ ಬಿಯರ್ ಬೇಯಿಸಿದೆವು, ನಾನೂ ಮಾಲ್ಫ್ರಿಯಕ್ಕನೂ. ಹೆಪ್ಪು ಹಾಕುವಾಗ ಹಂಡೆಯ ಮೇಲೆ ಬಗ್ಗಿ ಗಟ್ಟಿಯಾಗಿ ಕೂಗಬೇಕು. ಕೂಗಿದಷ್ಟು ಬಿಯರಿಗೆ ಬಲ, ಸುತ್ತ ಸುಳಿಯುವ ದೆವ್ವಗಳು ಓಡಿ ಹೋಗುತ್ತವೆ ಎಂದು ನಂಬಿಕೆ. ಅರವತ್ತು ವರ್ಷ ಕೂಗಿದ್ದೇನೆ. ಈ ಸಲ ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಮಾಲ್ಫ್ರಿಯಕ್ಕ ಸೊಂಟಕ್ಕೆ ಕೈ ಇಟ್ಟುಕೊಂಡು, "ಗಂಡಸಲ್ವಾ ನೀನು? ಬೆಕ್ಕು ಸೀನಿದ ಹಾಗಾಯ್ತು" ಎಂದು ನನ್ನನ್ನು ಆಚೆ ತಳ್ಳಿ ತಾನೇ ಕೂಗಿದಳು. ಮಾಡಿನ ಹಿಮ ಜಾರಿ ಬಿತ್ತು. ನಾನೂ ನಕ್ಕೆ. ಆದರೆ ಯಾರು ಓಡಿ ಹೋಗಬೇಕಿತ್ತೋ ಅವರು ಹೋಗಲಿಲ್ಲ ಅನ್ನಿಸಿತು.

ನಿನ್ನೆ ಸೀಸೆ ತೊಳೆದೆವು. ಮೂವತ್ತು ತೆಗೆದುಕೊಂಡಿದ್ದೆ. ಅವಳು ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು, ಸರಿಯಿದ್ದದ್ದಕ್ಕೆ ನಾನು ಜೂನಿಪರ್ ಕಷಾಯ ಹುಯ್ದು ಸೊಪ್ಪಿನ ಮೇಲೆ ಬೋರಲು ಹಾಕುವುದು. ಮಾತೂ ನಡೆದಿತ್ತು, ಯಾರ ಮನೆಯ ಹಸು ಕರು ಹಾಕಿತು, ಚರ್ಚಿನ ಹೊಸ ಪಾದ್ರಿಣಿ ಎಷ್ಟು ತೆಳ್ಳಗಿದ್ದಾಳೆ, ಅಂಥದ್ದು. ಮುಗಿದ ಮೇಲೆ ಅವಳು ಎದ್ದು ಬೋರಲು ಹಾಕಿದ್ದನ್ನು ಎಣಿಸಿದಳು. ನಡುವಿನಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಉಂಗುರವಿತ್ತು.

"ಇದು ಇಲ್ಲಿಗೆ ಹ್ಯಾಗೆ ಬಂತು? ಬಾಗಿಲ ಹತ್ರ ಬೇರೆ ಇಟ್ಟಿದ್ದೆ ನಾನು."

ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ಇಟ್ಟಿರ್ಲಿಲ್ಲ ಅನ್ಸತ್ತೆ ಅಕ್ಕ. ನಿಂಗೆ ಮರೆವು."

ಅವಳು ಸೀಸೆ ಕೆಳಗಿಟ್ಟು ನನ್ನತ್ತ ತಿರುಗಿದಳು. "ಓಡ್ಮುಂಡ, ನಾನು ಹಲ್ಲಿನ ಸೆಟ್ಟು ಮರೆತು ಚರ್ಚಿಗೆ ಹೋಗೋಳು. ಸತ್ತ ಗಂಡನಿಗೆ ಕಾಫಿ ಬಗ್ಗಿಸಿ ಇಡೋಳು. ಆದ್ರೆ ಈ ಕೈ ಬೇರೆ ಇಟ್ಟಿದ್ದು ಈ ಕೈಗೆ ಗೊತ್ತು. ನೀನೇ ಎತ್ತಿಟ್ಟೆ ಅದನ್ನ. ನಾನು ಕೂತು ನೋಡ್ತಾ ಇದ್ದೆ, ಮತ್ತೊಂದ್ಸಲ ತೊಳೀತೀಯೇನೋ ಅಂದ್ಕೊಂಡೆ."

ನಾನು ಎತ್ತಿದ್ದು ನನಗೆ ನೆನಪಿಲ್ಲ, ಮಗಳೇ. ದೇವರಾಣೆ ನೆನಪಿಲ್ಲ. ಕೈ ತಾನಾಗಿ ಹೋಗಿ ತಾನಾಗಿ ಬಂದಿತ್ತು.

"ಅಲ್ಲ, ನಿನ್ನ ಮುಖ ಯಾಕೆ ಹಾಗಾಯ್ತು?" ಎಂದಳು. "ಒಂದು ಸೀಸೆ ಮಾರಾಯ. ಎಸೆದ್ರಾಯ್ತು."

ನಾನು ಹಂಡೆಯ ಪಕ್ಕ ಕೂತುಬಿಟ್ಟೆ. ಅವಳು ಎಂಬತ್ತೊಂದರ ಗಟ್ಟಿ ಹೆಂಗಸು, ನನ್ನೆದುರು ನಿಂತು "ಈ ಕೈಗೆ ಗೊತ್ತು" ಎನ್ನಬಲ್ಲಳು. ಹನ್ನೆರಡರ ಹುಡುಗಿಗೆ ಹಾಗೆ ಹೇಳಲು ಎಲ್ಲಿಂದ ಬರಬೇಕು? ಅ‍ವಳು ಕೇಳಿದ್ದಾದರೂ ಯಾರನ್ನು? ತನಗಿಂತ ದೊಡ್ಡವರನ್ನು, ಮನೆಯವರನ್ನು.

ಸಂಜೆ ಆ ಮೂವತ್ತನ್ನೂ ಮತ್ತೆ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಸೇರಿಸಿದೆ. ಬಿಯರ್ ಪೀಪಾಯಿಯಲ್ಲೇ ಇರಲಿ. ಇಂಗೆರಿಗೆ ಕಳಿಸಬೇಕಾದ್ದು ಬಿಯರಲ್ಲ.

ನಿನಗೆ ಹೊಸ ವರ್ಷ ಒಳಿತು ತರಲಿ. ಅಮ್ಮನನ್ನು ನೋಡಿಕೊಳ್ಳುವ ನಿನ್ನ ಕೈಗಳಿಗೆ ಆಯಾಸವಾಗದಿರಲಿ. ನೀನು ಹುಟ್ಟಿದಾಗ ನಿನ್ನನ್ನು ನೋಡಲು ನಾನು ಬರ್ಗೆನ್ನಿಗೆ ಬಂದಿದ್ದೆ. ನಿನ್ನ ಅಮ್ಮ ನಿನ್ನ ಹಾಲಿನ ಸೀಸೆಯನ್ನು ಐದು ಸಲ ಕುದಿಸಿದ್ದನ್ನು ಕೂತು ನೋಡಿದ್ದೆ. ಆಗಲೇ ಹೇಳಬೇಕಿತ್ತು.

ಎಂದೆಂದೂ ನಿನ್ನ ಒಳಿತು ಬಯಸುವ,
ನಿನ್ನ ಮಾವ ಓಡ್ಮುಂಡ್

ಮರೆತ ಮಾತು: ಮರೆತದ್ದಲ್ಲ. ಮೂರು ಕಾಗದಕ್ಕೂ ಇದನ್ನೇ ಬರೆಯಲು ಕೂತು ಬೇರೇನನ್ನೋ ಬರೆದು ಎದ್ದೆ.

ಯಾರೂ ನೋಡಿರಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಇಂಗೆರಿ ಆ ಸೀಸೆಯನ್ನು ಬೇರೆ ಇಟ್ಟಿದ್ದಳು. ಒಲೆಮನೆಯ ಕಿಟಕಿಯ ಹಲಗೆಯ ಮೇಲೆ, ಬಾಯಿ ಮೇಲಾಗಿ, ಕತ್ತಿಗೆ ಒಂದು ಉಣ್ಣೆಯ ದಾರ ಕಟ್ಟಿ. "ಅಣ್ಣ, ದಾರ ಇರೋದನ್ನ ಮುಟ್ಟಬೇಡ, ಅದು ಆಗಲ್ಲ" ಎಂದು ನನಗೆ ಹೇಳಿಯೂ ಹೋಗಿದ್ದಳು. ಆ ನಲವತ್ತರಲ್ಲಿ ಒಂದೂ ಕಡಿಮೆಯಾಗದೆ ನೆಲಮಾಳಿಗೆ ಸೇರಿದರೆ ತೋಮಸನ ದಿನ ನನ್ನನ್ನು ಗಂಡಸರ ಜೊತೆ ಕೂರಿಸಿ ಹಿರಿಯರ ಬಟ್ಟಲಲ್ಲಿ ಕುಡಿಸುವುದಾಗಿ ಅಪ್ಪ ಹೇಳಿದ್ದರು. ಮೆಟ್ಟಿಲ ಕಲ್ಲಿಗೆ ತಾಗಿಸಿ ನಾನೊಂದನ್ನು ಒಡೆದೆ. ಮೂವತ್ತೊಂಬತ್ತು ಉಳಿಯಿತು. ಚೂರುಗಳನ್ನು ಹಿಮದಲ್ಲಿ ಹುಗಿದು ಬಂದು, ಕಿಟಕಿಯ ಮೇಲಿನದನ್ನು ತಣ್ಣೀರಲ್ಲಿ ಒಂದು ಸಲ ಜಾಲಿಸಿ, ದಾರವನ್ನು ಹಲ್ಲಿನಿಂದ ಕಡಿದು ಒಲೆಗೆ ಹಾಕಿದೆ. ಸೀಸೆ ತುಂಬಿದೆ. ಹದಿಮೂರು ದಿನದ ನಂತರ ಗಂಡಸರ ನಡುವೆ ಕೂತು ಕುಡಿದೆ. ಅದರ ಎರಡನೆಯ ದಿನ ಅಮ್ಮ ಆ ಸೀಸೆಯನ್ನೇ ಮೇಲೆ ತಂದಳು.

ಅಪ್ಪ ಕೇಳಿದಾಗ ಇಂಗೆರಿ ದಾರದ ಮಾತೂ ಹೇಳಿದಳು. ಅಪ್ಪ ನನ್ನ ಕಡೆ ತಿರುಗಿ, "ಓಡ್ಮುಂಡ್, ನೀನು ತುಂಬಿದ್ದು. ದಾರ ಇತ್ತಾ? ಬೇರೆ ಇಟ್ಟಿದ್ಲಾ ಇವಳು?" ಎಂದರು.

"ಇಲ್ಲ" ಎಂದೆ.

ಅವಳು ಸಿಟ್ಟಾಗಲಿಲ್ಲ. ಅತ್ತಿದ್ದರೆ, ಸುಳ್ಳು ಎಂದು ಕೂಗಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ. ಏನನ್ನೋ ನೆನಪು ಮಾಡಿಕೊಳ್ಳುವವಳಂತೆ ನನ್ನ ಮುಖವನ್ನೇ ನೋಡಿದಳು. ಅಣ್ಣ ಇಲ್ಲ ಎಂದ ಮೇಲೆ ಇಲ್ಲವೇ ಇರಬೇಕು ಅಂದುಕೊಂಡಳು. ಅವಳು ತನ್ನನ್ನು ಬಿಟ್ಟು ನನ್ನನ್ನು ನಂಬಿದಳು, ಸುನ್ನಿವಾ.

ಗುರುವಾರದ ಬಸ್ಸಿಗೆ ನಾನೇ ಬರುತ್ತೇನೆ, ಅವಳೆದುರು ಕೂತು ನನ್ನ ಬಾಯಲ್ಲೇ ಹೇಳುತ್ತೇನೆ. ಆದರೆ ಹಿಮ ದಾರಿ ಕಟ್ಟಬಹುದು, ನನ್ನ ಧೈರ್ಯವೂ ನಿಲ್ದಾಣದಿಂದ ಹಿಂತಿರುಗಬಹುದು. ಆದ್ದರಿಂದ ನೀನು ಕಾಯಬೇಡ. ಈ ಕಾಗದ ಸಿಕ್ಕ ಮಾರನೆಯ ಬೆಳಿಗ್ಗೆ, ಅವಳ ತಲೆ ತಿಳಿಯಾಗಿರುವಾಗ, ಇದನ್ನು ಗಟ್ಟಿಯಾಗಿ ಓದಿ ಹೇಳು. ನನ್ನ ಮೇಲೆ ಆಮೇಲೆ ಸಿಟ್ಟಾಗು. ನೀನು ಅಲ್ಲಿದ್ಯಾ ಎಂದರೆ, ಓಡ್ಮುಂಡ್ ಇದ್ದ ಎನ್ನು. ಆಗಲೂ ನಂಬದಿದ್ದರೆ ದಾರ ನೀಲಿ ಎಂದು ಹೇಳು. ತನ್ನ ಉಣ್ಣೆಯಂಗಿಯ ಎಡತೋಳಿನ ಅಂಚಿನಿಂದ ಅವಳೇ ಎಳೆದುಕೊಂಡದ್ದು. ಹೊಸ ಅಂಗಿ ಹರಿದುಕೊಂಡಳೆಂದು ಆ ಶನಿವಾರ ಸಂಜೆ ಅಮ್ಮ ಬೈದಳು. ಮೊಳೆಗೆ ಸಿಕ್ಕಿತು ಎಂದಳು ಪಾಪ, ಹೆದರಿ. ನಾನು ಎದುರಿಗೆ ಕೂತು ಗಂಜಿ ಕುಡಿಯುತ್ತಿದ್ದೆ.